ಕೊಂಡ ಆಟ ಯಾರದು?

(ಯುವಜನರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ)

ವೀಡಿಯೋ ಗೇಮಿನ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಈ ಕೂಟದ ಸಂಚಾಲಕರು ಕೇಳಿದಾಗ, ಪಕ್ಕದಲ್ಲಿಯೇ ಕುಳಿತಿದ್ದ ಹಿರಿಯರೊಬ್ಬರು, "ಓದಿದವರಿಗೆ ಉದ್ಯೋಗವಿಲ್ಲ, ಬೆಳೆದವರಿಗೆ ಬೆಲೆಯಿಲ್ಲ, ಇಂಥ ಹೊತ್ತಿನಲ್ಲಿ ಹುಡುಗರ ಆಟದ ಮಾತು ಯಾಕಪ್ಪ?" ಎಂದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟೇ ನಾವು ಮುಂದಕ್ಕೆ ಹೋಗಬೇಕು.

ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿಶ್ರಾಂತಿ, ಉಳಿದ ಎಂಟು ಗಂಟೆ ನಮ್ಮ ಇಚ್ಛೆಯಂತೆ ಎಂದು ದುಡಿಯುವ ಜನ ಹತ್ತೊಂಬತ್ತನೆಯ ಶತಮಾನದಲ್ಲಿ ಕೇಳಿದರು. ಆ ಬೇಡಿಕೆಗಾಗಿ ಷಿಕಾಗೊ ನಗರದಲ್ಲಿ 1886ರಲ್ಲಿ ರಕ್ತ ಹರಿಯಿತು. ಮೇ ದಿನದ ಮೆರವಣಿಗೆಯಲ್ಲಿ ನಾವು ಮೊದಲನೆಯ ಎಂಟು ಗಂಟೆಯ ಮಾತನ್ನು ಆಡುತ್ತೇವೆ. ಮೂರನೆಯ ಎಂಟು ಗಂಟೆಯ ಮಾತನ್ನು ಆಡುವುದು ಕಡಮೆ. ಗಾರೆ ಕೆಲಸ ಮುಗಿಸಿ ಬಂದ ಹುಡುಗ, ಗಾರ್ಮೆಂಟ್ ಕಾರ್ಖಾನೆಯಿಂದ ಹಿಂದಿರುಗುವ ಹುಡುಗಿ, ಪರೀಕ್ಷೆ ಬರೆದು ಆರ್ಡರಿಗಾಗಿ ಕಾದು ಕುಳಿತ ಪದವೀಧರ, ಇವರೆಲ್ಲ ಆ ಹೊತ್ತನ್ನು ಎಲ್ಲಿ ಕಳೆಯುತ್ತಿದ್ದಾರೆ? ಕೈಯಲ್ಲಿರುವ ಫೋನಿನಲ್ಲಿ, ಅನೇಕರು ಆಟದಲ್ಲಿ. ದುಡಿಮೆಯ ಹೊತ್ತಿನಿಂದ ಲಾಭ ತೆಗೆಯುವ ವಿದ್ಯೆ ಬಂಡವಳಗಾರನಿಗೆ ಹಳೆಯದು. ಬಿಡುವಿನ ಹೊತ್ತಿನಿಂದಲೂ ಲಾಭ ತೆಗೆಯುವುದನ್ನು ಅವನು ಈಚೆಗೆ ಕಲಿತಿದ್ದಾನೆ. ಆದುದರಿಂದ ಇದು ಹುಡುಗರ ಮಾತಲ್ಲ, ನಮ್ಮೆಲ್ಲರ ಮಾತು.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ. ನಾವು ಆಟದ ವಿರೋಧಿಗಳಲ್ಲ. ಬಸ್ ನಿಲ್ದಾಣದ ಹಿಂದಿನ ಸೈಬರ್ ಅಂಗಡಿಯಲ್ಲಿ ಗಂಟೆಗೆ ಇಷ್ಟೆಂದು ಬಾಡಿಗೆ ತೆತ್ತು ಕೌಂಟರ್ ಸ್ಟ್ರೈಕ್ ಆಡಿದ ಪೀಳಿಗೆಯವರು ನಾವು. ಇಂದಿಗೂ ಆಡುತ್ತೇವೆ. ಮೈದಾನದಲ್ಲಿ ಕಬಡ್ಡಿ ಆಡುವವನಿಗೆ ಸಿಗುವ ಹುರುಪು, ಚದುರಂಗ ಆಡುವವನಿಗೆ ಸಿಗುವ ಬುದ್ಧಿಯ ಕಸರತ್ತು, ಕತೆ ಕೇಳುವವನಿಗೆ ಸಿಗುವ ಬೆರಗು ಇವು ಮೂರೂ ಒಂದೇ ಕಡೆ ಸಿಗುವ ಕಲೆ ಇದು. ಕಲೆಯ ಮೇಲಿನ ಪ್ರೀತಿಯಿಂದಲೇ ಅದರ ವ್ಯಾಪಾರದ ಮೇಲೆ ನಮಗೆ ಸಿಟ್ಟಿದೆ.

ಕೊಂಡವನು ಒಡೆಯನಲ್ಲ

ಮೊದಲನೆಯ ಪ್ರಶ್ನೆ ಒಡೆತನದ್ದು. ನೀವು ಹಣ ಕೊಟ್ಟು ಒಂದು ಆಟವನ್ನು ಕೊಂಡಿರಿ. ಅದು ಯಾರದು?

ಹಿಂದೆ ಇದು ಪ್ರಶ್ನೆಯೇ ಆಗಿರಲಿಲ್ಲ. ನಾವು ಹೇಳಿದ ಸೈಬರ್ ಅಂಗಡಿಯಲ್ಲಿ ಹತ್ತು ಯಂತ್ರಗಳನ್ನು ಒಂದಕ್ಕೊಂದು ತಂತಿಯಿಂದ ಜೋಡಿಸಿದ್ದರು. ಅವುಗಳಲ್ಲಿಯೇ ಒಂದು ಯಂತ್ರ ಆಟವನ್ನು ನಡೆಸುವ ಸರ್ವರಾಗುತ್ತಿತ್ತು. ಇಂಟರ್ನೆಟ್ ಕೈಕೊಟ್ಟರೂ ಆಟ ನಡೆಯುತ್ತಿತ್ತು. ಅಮೆರಿಕದ ಕಂಪೆನಿಗೆ ನಮ್ಮೂರಿನಲ್ಲಿ ಯಾರು ಆಡುತ್ತಿದ್ದಾರೆಂಬುದು ಗೊತ್ತೂ ಇರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಈಗಿನ ಅನೇಕ ಆಟಗಳು ಹಾಗಲ್ಲ. ಒಬ್ಬನೇ ಕುಳಿತು ಆಡುವ ಆಟವೂ ಕಂಪೆನಿಯ ಸರ್ವರನ್ನು ಕೇಳಿಯೇ ತೆರೆದುಕೊಳ್ಳುತ್ತದೆ. ಸರ್ವರಿನ ಕೀಲಿ ಕಂಪೆನಿಯ ಜೇಬಿನಲ್ಲಿದೆ.

ಇದರ ಫಲವೇನೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇವೆ. ಫ್ರಾನ್ಸ್ ದೇಶದ ಯೂಬಿಸಾಫ್ಟ್ ಎಂಬ ಕಂಪೆನಿ 2014ರಲ್ಲಿ ದಿ ಕ್ರೂ ಎಂಬ ಕಾರು ಓಟದ ಆಟವನ್ನು ಮಾರಿತು. 2024ರ ಮಾರ್ಚ್ 31ರಂದು ಅದರ ಸರ್ವರುಗಳನ್ನು ನಿಲ್ಲಿಸಿತು. ಅಷ್ಟಕ್ಕೇ ಬಿಡದೆ, ಆಟ ಕೊಂಡವರ ಖಾತೆಯಿಂದ ಅದರ ಪರವಾನಗಿಯನ್ನೂ ಹಿಂದಕ್ಕೆ ತೆಗೆದುಕೊಂಡಿತು. ಅಂಗಡಿಯಿಂದ ಕೊಂಡ ಡಿಸ್ಕು ಮನೆಯ ಕಪಾಟಿನಲ್ಲಿ ಉಳಿಯಿತು, ಆಟ ಉಳಿಯಲಿಲ್ಲ. ಇದರ ಪಕ್ಕದಲ್ಲಿ ಇನ್ನೊಂದು ನಿದರ್ಶನವನ್ನು ಇಟ್ಟು ನೋಡಿ. 1993ರಲ್ಲಿ ಡೂಮ್ ಎಂಬ ಆಟ ಬಂತು. ಅದನ್ನು ಮಾಡಿದ ಐಡಿ ಸಾಫ್ಟ್‌ವೇರ್‌ನವರು 1997ರಲ್ಲಿ ಅದರ ಮೂಲ ಬರಹವನ್ನೇ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಹೀಗಾಗಿ ಮೂವತ್ತು ವರ್ಷ ದಾಟಿದ ಡೂಮ್ ಇಂದಿಗೂ ಹೊಸ ಹೊಸ ಯಂತ್ರಗಳ ಮೇಲೆ ಓಡುತ್ತದೆ. ಹತ್ತು ವರ್ಷದ ಕ್ರೂ ಸತ್ತುಹೋಯಿತು. ಹಳೆಯದಾದುದರಿಂದ ಸತ್ತಿತೆನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಒಂದರ ಕೀಲಿ ಜನರ ಕೈಗೆ ಬಂತು, ಇನ್ನೊಂದರದು ಬರಲಿಲ್ಲ.

ನಮ್ಮ ಮಲೆನಾಡಿನ ಹಿರಿಯರಿಗೆ ಈ ವ್ಯವಸ್ಥೆಯನ್ನು ವಿವರಿಸಬೇಕಾಗಿಲ್ಲ. ಉಳುವವನು ಒಬ್ಬ, ಒಡೆಯ ಮತ್ತೊಬ್ಬ. ಒಡೆಯ ಏಳೆಂದ ದಿನ ಎದ್ದು ಹೋಗಬೇಕು. ಗೇಣಿದಾರನಿಗೆ ತಾನು ಗೇಣಿದಾರನೆಂಬುದಾದರೂ ಗೊತ್ತಿತ್ತು. ಆಟ ಕೊಳ್ಳುವವನಿಗೆ ಅದೂ ಗೊತ್ತಿಲ್ಲ, ಏಕೆಂದರೆ ಗುಂಡಿಯ ಮೇಲೆ "ಕೊಳ್ಳಿರಿ" ಎಂದೇ ಬರೆದಿರುತ್ತದೆ. ಕೆಳಗೆ, ಯಾರೂ ಓದದ ಉದ್ದನೆಯ ಕರಾರಿನಲ್ಲಿ, ಇದು ಬರಿಯ ಪರವಾನಗಿ ಎಂದು ಬರೆದಿರುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಇದಕ್ಕಾಗಿ ಒಂದು ಕಾನೂನು ಮಾಡಿತು. ಮಾರುವುದು ಪರವಾನಗಿಯನ್ನಾದರೆ ಹಾಗೆಂದು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕು ಎನ್ನುವ ಆ ಕಾನೂನು 2025ರ ಜನವರಿಯಿಂದ ಜಾರಿಗೆ ಬಂತು. ಒಳ್ಳೆಯದೇ. ಆದರೆ ನಿನ್ನನ್ನು ಯಾವಾಗ ಬೇಕಾದರೂ ಒಕ್ಕಲೆಬ್ಬಿಸುತ್ತೇನೆಂದು ಮೊದಲೇ ಹೇಳಿಬಿಟ್ಟರೆ ಒಕ್ಕಲೆಬ್ಬಿಸುವುದು ನ್ಯಾಯವಾಗುವುದಿಲ್ಲ.

ಯುರೋಪಿನ ಆಟಗಾರರು ಅಷ್ಟಕ್ಕೆ ತೃಪ್ತರಾಗಲಿಲ್ಲ. ರಾಸ್ ಸ್ಕಾಟ್ ಎಂಬವರು 2024ರಲ್ಲಿ "ಆಟಗಳನ್ನು ಕೊಲ್ಲುವುದನ್ನು ನಿಲ್ಲಿಸಿ" ಎಂಬ ಚಳವಳಿಯನ್ನು ಆರಂಭಿಸಿದರು. ಯುರೋಪಿಯನ್ ಒಕ್ಕೂಟಕ್ಕೆ ಸಲ್ಲಿಸುವ ನಾಗರಿಕರ ಮನವಿಗೆ 2025ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಮಿಕ್ಕಿ ಸಹಿಗಳು ಬಿದ್ದುವು. ಅವರ ಬೇಡಿಕೆಯನ್ನು ಕಂಪೆನಿಗಳು ಬೇಕೆಂದೇ ತಪ್ಪಾಗಿ ಹೇಳುತ್ತವೆ. ಸರ್ವರುಗಳನ್ನು ಎಂದೆಂದಿಗೂ ನಡೆಸಿರೆಂದು ಅವರು ಕೇಳಿಲ್ಲ. ನಿಲ್ಲಿಸುವ ದಿನ ಬಂದಾಗ, ಕೊಂಡವರು ತಮ್ಮ ಪಾಡಿಗೆ ಆಡಿಕೊಳ್ಳುವ ಸ್ಥಿತಿಯಲ್ಲಿ ಆಟವನ್ನು ಬಿಟ್ಟುಹೋಗಿ ಎಂದಷ್ಟೇ ಕೇಳಿದ್ದಾರೆ. ಬಾವಿ ತೋಡಿಸಿದವನು ಊರು ಬಿಟ್ಟು ಹೋಗಲಿ, ಹೋಗುವಾಗ ಬಾವಿಯನ್ನು ಮುಚ್ಚಿ ಹೋಗುವುದು ಬೇಡ ಎಂಬಂತೆ.

ಈ ಬಾವಿಗಳೆಷ್ಟು ಮುಚ್ಚಿಹೋಗಿವೆ ಎಂಬ ಲೆಕ್ಕವೂ ಇದೆ. ಅಮೆರಿಕದ ವೀಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಹಳೆಯ ಚಲನಚಿತ್ರಗಳ ರೀಲುಗಳು ಗೋದಾಮಿನಲ್ಲಿ ಕೊಳೆತು ಹೋದುವೆಂದು ನಾವು ಮರುಗುತ್ತೇವೆ. ಅದೇ ತಪ್ಪು ಮತ್ತೆ ನಮ್ಮ ಕಣ್ಣೆದುರಿಗೆ ನಡೆಯುತ್ತಿದೆ.

ಯಂತ್ರದ ಬೆಲೆ, ಯಂತ್ರದ ಅಳತೆ

ಎರಡನೆಯದು ಯಂತ್ರಗಳ ವಿಷಯ. ಆಟಕ್ಕೆ ಯಂತ್ರ ಬೇಕು. ಯಂತ್ರದ ಒಳಗೆ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡು ಬೇಕು. ಈ ಕಾರ್ಡುಗಳ ವ್ಯಾಪಾರದಲ್ಲಿ ಸಿಂಹಪಾಲು ಎನ್‌ವಿಡಿಯಾ ಎಂಬ ಒಂದೇ ಕಂಪೆನಿಯದು. 1993ರಲ್ಲಿ ಹುಟ್ಟಿದ ಈ ಕಂಪೆನಿಯನ್ನು ಸಾಕಿ ಬೆಳೆಸಿದವರು ಆಟಗಾರರು. ಅದು ಆಟಗಾರರೊಡನೆ ಹೇಗೆ ನಡೆದುಕೊಂಡಿತೆಂಬುದನ್ನು ನೋಡೋಣ.

2014ರಲ್ಲಿ ಜಿಟಿಎಕ್ಸ್ 970 ಎಂಬ ಕಾರ್ಡನ್ನು 4 ಜಿಬಿ ಮೆಮೊರಿಯದೆಂದು ಮಾರಲಾಯಿತು. ಮರುವರ್ಷದ ಜನವರಿಯಲ್ಲಿ ಆಟಗಾರರು ತಾವೇ ಪರೀಕ್ಷೆ ಮಾಡಿ ಒಂದು ಗುಟ್ಟನ್ನು ಹೊರತೆಗೆದರು. ಮೂರೂವರೆ ಜಿಬಿ ಮಾತ್ರ ಪೂರ್ಣ ವೇಗದಲ್ಲಿ ಕೆಲಸ ಮಾಡುತ್ತಿತ್ತು. ಉಳಿದ ಅರ್ಧ ಕುಂಟುತ್ತಿತ್ತು. ಕಡೆಗೆ 2016ರಲ್ಲಿ ಅಮೆರಿಕದ ಗಿರಾಕಿಗಳಿಗೆ ಕಾರ್ಡಿಗೆ 30 ಡಾಲರಿನಂತೆ ಕೊಡಲು ಕಂಪೆನಿ ಒಪ್ಪಿತು. ಕಾಗೋಡಿನ ಗೇಣಿದಾರರು 1951ರಲ್ಲಿ ಎದ್ದು ನಿಂತಾಗ ಅವರ ದೂರುಗಳಲ್ಲಿ ಒಂದು ಕೊಳಗದ ಅಳತೆಯದು. ಅಳತೆಯ ಪಾತ್ರೆ ಒಡೆಯನ ಕೈಯಲ್ಲಿದ್ದಾಗ ಅಳತೆ ಯಾರ ಕಡೆ ವಾಲುತ್ತದೆ ಎಂಬುದನ್ನು ಈ ಜಿಲ್ಲೆಗಳ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಲಿಕಾನಿನ ಯುಗದಲ್ಲಿಯೂ ಕೊಳಗ ಬದಲಾಗಿಲ್ಲ.

ಬಳಿಕ 2020ರ ಸೆಪ್ಟೆಂಬರಿನಲ್ಲಿ ಆರ್‌ಟಿಎಕ್ಸ್ 3080 ಎಂಬ ಕಾರ್ಡಿಗೆ 699 ಡಾಲರ್ ಎಂದು ಬೆಲೆ ಸಾರಲಾಯಿತು. ಆ ಬೆಲೆಗೆ ಅದು ಸಾಮಾನ್ಯ ಗಿರಾಕಿಯ ಕೈಗೆ ಸಿಕ್ಕಿದ್ದು ಅಪರೂಪ. ಈಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಗಣಿ ತೋಡುವಂತೆ ತೋಡಲು ಇದೇ ಕಾರ್ಡುಗಳು ಬೇಕಾಗಿದ್ದುವು. ಹಣವುಳ್ಳವರು ಗೋಣಿಗಟ್ಟಲೆ ಕೊಂಡರು, ಕಾಳಸಂತೆಯವರು ಬಚ್ಚಿಟ್ಟರು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ತನ್ನ ಪದ್ಧತಿಯನ್ನು ಬದಲಿಸಿದ ಮೇಲೆ ಆ ಗಣಿಗಾರಿಕೆ ನಿಂತಿತು. ಇನ್ನಾದರೂ ಬೆಲೆ ಇಳಿದೀತೆಂದು ನಾವು ಕಾದೆವು. ಅಷ್ಟರಲ್ಲಿ ಕೃತಕ ಬುದ್ಧಿಯ ಭರಾಟೆ ಬಂತು. 2025ರ ಜನವರಿಗೆ ಕೊನೆಗೊಂಡ ವರ್ಷದಲ್ಲಿ ಎನ್‌ವಿಡಿಯಾದ ಒಟ್ಟು ವರಮಾನ 13,050 ಕೋಟಿ ಡಾಲರು. ಅದರಲ್ಲಿ ಆಟದ ವ್ಯಾಪಾರದಿಂದ ಬಂದದ್ದು ಸುಮಾರು 1,135 ಕೋಟಿ, ಅಂದರೆ ನೂರಕ್ಕೆ ಒಂಬತ್ತರಷ್ಟು. ನೂರಕ್ಕೆ ಒಂಬತ್ತು ಕೊಡುವ ಗಿರಾಕಿಗೆ ಅಂಗಡಿಯಲ್ಲಿ ಎಂಥ ಮರ್ಯಾದೆ ಸಿಗುತ್ತದೆಂಬುದನ್ನು ನೀವೇ ಊಹಿಸಿ.

ಮೆಮೊರಿಯ ಕತೆಯೂ ಇದೇ. 2025ರ ಕೊನೆಯ ತಿಂಗಳುಗಳಲ್ಲಿ ಸಾಮಾನ್ಯರು ಕಂಪ್ಯೂಟರಿಗೆ ಹಾಕಿಕೊಳ್ಳುವ ರ‍್ಯಾಮಿನ ಬೆಲೆ ದುಪ್ಪಟ್ಟನ್ನೂ ಮೀರಿ ಏರಿತು. ಅದೇ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪೆನಿ, ಸಾಮಾನ್ಯ ಗಿರಾಕಿಗಳಿಗಾಗಿ ನಡೆಸುತ್ತಿದ್ದ ಕ್ರೂಷಿಯಲ್ ಎಂಬ ತನ್ನ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. ಕೃತಕ ಬುದ್ಧಿಯ ದೊಡ್ಡ ದೊಡ್ಡ ಕೇಂದ್ರಗಳು ಕೇಳಿದ ಬೆಲೆ ಕೊಡುತ್ತಿರುವಾಗ, ನಮ್ಮೂರಿನ ಕಂಪ್ಯೂಟರ್ ಅಂಗಡಿಗೆ ಒಂದು ಪಟ್ಟಿ ರ‍್ಯಾಮ್ ಕಳಿಸುವುದರಲ್ಲಿ ಅವರಿಗೇನು ಲಾಭ? ಇದರಲ್ಲಿ ಪೆಟ್ಟು ತಿಂದವನು ಆಟಗಾರನೊಬ್ಬನೇ ಅಲ್ಲ. ಮಗಳ ಓದಿಗೆಂದು ಒಂದು ಸಾಧಾರಣ ಕಂಪ್ಯೂಟರ್ ಕೊಳ್ಳಲು ಹೋದ ಮೇಷ್ಟರೂ ಅದೇ ಬೆಲೆಯನ್ನು ತೆರಬೇಕಾಯಿತು.

ಹಿಂದೆ ಯಂತ್ರ ಹಳೆಯದಾದಂತೆ ಅಗ್ಗವಾಗುತ್ತಿತ್ತು. ಸೋನಿಯವರ ಪ್ಲೇಸ್ಟೇಷನ್ 2 ಅಮೆರಿಕದಲ್ಲಿ 2000ದಲ್ಲಿ 299 ಡಾಲರಿಗೆ ಬಂದು, 2002ರಲ್ಲಿ 199ಕ್ಕೂ 2009ರಲ್ಲಿ 99ಕ್ಕೂ ಇಳಿಯಿತು. ಬಡವನ ಮಗನಿಗೆ ತಡವಾಗಿಯಾದರೂ ಅದು ದಕ್ಕುತ್ತಿತ್ತು. ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ 2021ರ ಫೆಬ್ರವರಿಯಲ್ಲಿ 49,990 ರೂಪಾಯಿಗೆ ಬಂತು. ಮರುವರ್ಷದ ನವೆಂಬರಿನಲ್ಲಿ 54,990ಕ್ಕೆ ಏರಿತು. ಕಾಯುವವನಿಗೆ ಹಿಂದೆ ಇದ್ದ ಆಸೆಯೂ ಈಗ ಉಳಿದಿಲ್ಲ.

ಇನ್ನು ಬಾಳಿಕೆಯ ಮಾತು. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಯಂತ್ರಗಳು ಕೆಂಪು ದೀಪ ತೋರಿಸಿ ಸಾಯತೊಡಗಿದಾಗ, ಆ ಕಂಪೆನಿ 2007ರಲ್ಲಿ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ ನೂರು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಅದಕ್ಕಾಗಿ ತೆಗೆದಿಡಬೇಕಾಯಿತು. ಜನ ಗಟ್ಟಿಯಾಗಿ ಕೇಳಿದರೆ ಕೊಡುತ್ತಾರೆ ಎಂಬುದಕ್ಕೆ ಇದು ಸಾಕ್ಷಿ. ನಮ್ಮ ಅನುಭವ ಮಾತ್ರ ಬೇರೆ. ನಾವು ಕೊಂಡ ಕಂಟ್ರೋಲರಿನ ಕಡ್ಡಿ ವರ್ಷ ತುಂಬುವ ಮೊದಲೇ ತಾನಾಗಿ ಒಂದು ಕಡೆಗೆ ಎಳೆಯತೊಡಗಿತು. ಬೆಂಗಳೂರಿನ ಸರ್ವೀಸ್ ಸೆಂಟರಿನವರು ಅದು ನಮ್ಮ ಕೈತಪ್ಪೆಂದು ಹೇಳಿ, ಹೊಸದನ್ನು ಕೊಳ್ಳುವಂತೆ ಸಲಹೆ ಕೊಟ್ಟರು. ನಮ್ಮ ಪೇಟೆಬೀದಿಯ ಮೊಬೈಲ್ ರಿಪೇರಿಯ ಹುಡುಗ ಅದನ್ನು ಬಿಚ್ಚಿ, ಒಳಗಿನ ಬಿಡಿಭಾಗವನ್ನು ಬದಲಿಸಿ, ಬೆಸುಗೆ ಹಾಕಿಕೊಟ್ಟ. ದೋಷವೇನೆಂದು ತೋರಿಸಿಯೂ ಕೊಟ್ಟ. ಕಡ್ಡಿ ಅಲ್ಲಾಡಿದಂತೆಲ್ಲ ಒಳಗೆ ಒಂದು ಲೋಹದ ನಾಲಗೆ ಇಂಗಾಲದ ಪಟ್ಟಿಯ ಮೇಲೆ ಉಜ್ಜುತ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ. ಉಜ್ಜುವ ಗೋಜಿಲ್ಲದೆ ಅಯಸ್ಕಾಂತದಿಂದ ಕೆಲಸ ಮಾಡುವ ಕಡ್ಡಿಗಳೂ ಉಂಟು. ಸೆಗಾ ಕಂಪೆನಿ ಅದನ್ನು 1998ರ ಡ್ರೀಮ್‌ಕಾಸ್ಟ್ ಯಂತ್ರದಲ್ಲಿಯೇ ಬಳಸಿತ್ತು. ಒಳ್ಳೆಯ ವಿದ್ಯೆ ಕೈಯಲ್ಲಿರುವಾಗಲೂ ಸವೆಯುವ ವಸ್ತುವನ್ನೇ ಮಾರುವುದೇಕೆ? ಸವೆದರೆ ಮತ್ತೆ ಮಾರಬಹುದಲ್ಲ!

ಆಟವೋ, ಜೂಜೋ?

ಮೂರನೆಯದು ಬಲು ಕೆಟ್ಟ ವಿಷಯ. 2006ರಲ್ಲಿ ಆಬ್ಲಿವಿಯನ್ ಎಂಬ ಆಟದಲ್ಲಿ, ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಬೇರೆಯಾಗಿ ಮಾರಿದರು. ಆಗ ಜನ ನಕ್ಕರು. ಮಾರಿದವರು ಮಾತ್ರ ಎಷ್ಟು ಜನ ಕೊಂಡರೆಂದು ಎಣಿಸಿಕೊಂಡರು. ಹಣ ಕೊಟ್ಟು ಕೊಂಡ ಆಟದ ಒಳಗೆ ಇನ್ನೊಂದು ಅಂಗಡಿ ತೆರೆದದ್ದು ಹೀಗೆ. ಅಲ್ಲಿಂದ ಲೂಟ್ ಬಾಕ್ಸಿಗೆ ಹೆಚ್ಚು ದೂರವಿರಲಿಲ್ಲ.

ಲೂಟ್ ಬಾಕ್ಸ್ ಎಂದರೇನು? ಪೆಟ್ಟಿ ಅಂಗಡಿಯಲ್ಲಿ ರಟ್ಟಿಗೆ ಅಂಟಿಸಿದ ಚೀಟಿಗಳನ್ನು ಕಾಸು ಕೊಟ್ಟು ಹರಿಯುವ ಆಟ ನೆನಪಿದೆಯಲ್ಲ? ಮೇಲ್ಗಡೆ ದೊಡ್ಡ ಬಹುಮಾನ ನೇತಾಡುತ್ತಿರುತ್ತದೆ. ಹರಿದ ಚೀಟಿಯಲ್ಲಿ ಬಲೂನು ಬರುತ್ತದೆ. ಇದೂ ಅದೇ. ಹಣ ಕೊಟ್ಟು ಪೆಟ್ಟಿಗೆಯನ್ನು ತೆರೆಯಬೇಕು, ಒಳಗೇನಿದೆಯೆಂದು ತೆರೆಯುವವರೆಗೆ ಗೊತ್ತಾಗುವುದಿಲ್ಲ. ಎಂದೋ ಒಮ್ಮೆ ಒಳ್ಳೆಯದು ಬರುತ್ತದೆ, ಯಾವಾಗ ಬರುತ್ತದೆಂದು ತಿಳಿಯದು, ಆದುದರಿಂದ ಕೈ ನಿಲ್ಲುವುದಿಲ್ಲ. ಪೆಟ್ಟಿ ಅಂಗಡಿಯವನ ರಟ್ಟಿನಲ್ಲಿ ಚೀಟಿಗಳಾದರೂ ಒಂದು ದಿನ ಮುಗಿಯುತ್ತಿದ್ದುವು. ಇಲ್ಲಿ ಮುಗಿಯುವುದಿಲ್ಲ.

2017ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಎಂಬ ಆಟದಲ್ಲಿ ಗೆಲುವಿನ ಬಲವನ್ನೇ ಇಂಥ ಪೆಟ್ಟಿಗೆಗಳಲ್ಲಿ ಇಟ್ಟಿತು. ಡಾರ್ತ್ ವೇಡರ್ ಎಂಬ ಪಾತ್ರವನ್ನು ಪಡೆಯಲು ಸುಮಾರು 40 ಗಂಟೆ ದುಡಿಯಬೇಕೆಂದು ಆಟಗಾರರು ಲೆಕ್ಕ ಹಾಕಿ ತೋರಿಸಿದರು. ದುಡಿಯಬೇಕು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ. 40 ಗಂಟೆಯೆಂದರೆ ಅನೇಕ ದೇಶಗಳಲ್ಲಿ ಕಾರ್ಮಿಕನ ಒಂದು ವಾರದ ದುಡಿಮೆ! ಆಟಗಾರರು ಒಂದಾಗಿ ಕೂಗೆಬ್ಬಿಸಿದರು. ಬಿಡುಗಡೆಯ ಮುನ್ನಾದಿನ ಕಂಪೆನಿ ಹಣದ ಮಾರಾಟವನ್ನು ನಿಲ್ಲಿಸಿತು. 2018ರ ಏಪ್ರಿಲಿನಲ್ಲಿ ಬೆಲ್ಜಿಯಂ ದೇಶದ ಜೂಜಾಟದ ಆಯೋಗ ಇಂಥ ಪೆಟ್ಟಿಗೆಗಳು ಅಲ್ಲಿನ ಕಾನೂನಿನಂತೆ ಜೂಜೇ ಎಂದು ಸಾರಿತು. ಚೀನಾ 2017ರ ಮೇ ತಿಂಗಳಿನಿಂದಲೇ, ಯಾವ ವಸ್ತು ಬರುವ ಸಂಭವ ಎಷ್ಟೆಂಬುದನ್ನು ಪ್ರಕಟಿಸಬೇಕೆಂದು ಕಂಪೆನಿಗಳನ್ನು ಕಟ್ಟಿಹಾಕಿತ್ತು.

ನಮ್ಮಲ್ಲಿ ಏನಾಯಿತು? 2007ರಲ್ಲಿ ಲಾಟರಿಯನ್ನು ನಿಷೇಧಿಸಿದ ರಾಜ್ಯ ನಮ್ಮದು. ಲಾಟರಿ ಅಂಗಡಿ ಮುಚ್ಚಿತು. ರಮ್ಮಿಯ ಆ್ಯಪು ತೆರೆಯಿತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳ ಮೇಲೆ ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟು ರದ್ದುಮಾಡಿತು. ಅನಂತರ 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹಣದ ಆಟಗಳನ್ನೇ ನಿಷೇಧಿಸುವ ಕಾಯಿದೆಯನ್ನು ತಂದಿತು. ಆಡಿಸುವವನಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ, ಆಡಿದವನಿಗೆ ಶಿಕ್ಷೆಯಿಲ್ಲ. ಆಡಿದವನನ್ನು ಅಪರಾಧಿಯೆನ್ನದೆ ಬಿಟ್ಟದ್ದು ಸರಿ. ಆದರೆ ಈ ಮಸೂದೆ ಎರಡೇ ದಿನಗಳಲ್ಲಿ ಎರಡೂ ಸದನಗಳನ್ನು ದಾಟಿತು. ಸಾಲದ ಸುಳಿಗೆ ಬಿದ್ದ ಮನೆಗಳ ಮಾತನ್ನಾಗಲಿ, ಆ ಕಂಪೆನಿಗಳಲ್ಲಿ ದುಡಿಯುತ್ತಿದ್ದ ನೌಕರರ ಮಾತನ್ನಾಗಲಿ ಸಾವಕಾಶವಾಗಿ ಕೇಳುವ ತಾಳ್ಮೆಯನ್ನು ಸಂಸತ್ತು ತೋರಲಿಲ್ಲ. ವರ್ಷಗಟ್ಟಲೆ ಕ್ರಿಕೆಟ್ ತಂಡದ ಅಂಗಿಯ ಮೇಲೆಯೇ ಇಂಥ ಕಂಪೆನಿಯ ಹೆಸರು ಮೆರೆಯುತ್ತಿದ್ದಾಗ ಸುಮ್ಮನಿದ್ದು, ತೆರಿಗೆಯನ್ನೂ ಎತ್ತಿಕೊಂಡು, ಒಂದು ಬೆಳಗ್ಗೆ ಎದ್ದು ನಿಷೇಧಿಸುವುದು ಆಡಳಿತದ ಲಕ್ಷಣವಲ್ಲ.

ಇಲ್ಲಿ ಇನ್ನೊಂದು ಅಪಾಯವುಂಟು. ಜೂಜಿನ ಮೇಲಿನ ಸಿಟ್ಟನ್ನು ನಮ್ಮ ಹಿರಿಯರು ಆಟದ ಮೇಲೆಯೇ ತೀರಿಸಿಕೊಳ್ಳುತ್ತಾರೆ. ಪಣವಿಲ್ಲದೆ ಇಸ್ಪೀಟು ಆಡಿ ನಗುತ್ತ ಏಳುವವನನ್ನೂ ಅಡ್ಡೆ ನಡೆಸುವವನನ್ನೂ ಒಂದೇ ಕೋಲಿನಿಂದ ಹೊಡೆಯುವುದು ತಪ್ಪು.

ಮಾಡಿದವನ ಹೆಸರು

ಕೊನೆಯದಾಗಿ, ಆಟಗಳನ್ನು ತಯಾರಿಸುವ ಕೆಲಸಗಾರರ ಮಾತು. ಇದನ್ನು ಕೊನೆಗೆ ಇಟ್ಟುಕೊಂಡದ್ದು ಏಕೆಂದರೆ ಮೇಲಿನ ಮೂರರ ಬೇರೂ ಇಲ್ಲಿದೆ.

1970ರ ದಶಕದ ಕೊನೆಯಲ್ಲಿ ಅಟಾರಿ ಎಂಬ ಕಂಪೆನಿ ಈ ಉದ್ಯಮದ ದೊರೆಯಾಗಿತ್ತು. ಅಲ್ಲಿ ಒಂದೊಂದು ಆಟವನ್ನೂ ಒಬ್ಬೊಬ್ಬನೇ ತಯಾರಿಸುತ್ತಿದ್ದ. ಪೆಟ್ಟಿಗೆಯ ಮೇಲೆ ಅವನ ಹೆಸರು ಇರುತ್ತಿರಲಿಲ್ಲ, ಲಾಭದಲ್ಲಿ ಪಾಲೂ ಇರುತ್ತಿರಲಿಲ್ಲ. ವಾರನ್ ರಾಬಿನೆಟ್ ಎಂಬಾತ ತಾನು ಮಾಡಿದ ಅಡ್ವೆಂಚರ್ ಎಂಬ ಆಟದಲ್ಲಿ ಯಾರಿಗೂ ಹೇಳದೆ ಒಂದು ಗುಪ್ತ ಕೋಣೆಯನ್ನು ಕಟ್ಟಿ, ಅದರೊಳಗೆ ತನ್ನ ಹೆಸರನ್ನು ಬರೆದಿಟ್ಟು, ಕೆಲಸ ಬಿಟ್ಟು ಹೊರಟುಹೋದ. ದೇವಾಲಯದ ಮೂಲೆಗಲ್ಲಿನಲ್ಲಿ ಶಿಲ್ಪಿ ತನ್ನ ಹೆಸರನ್ನು ಕೆತ್ತಿದಂತೆ. ಇನ್ನು ನಾಲ್ವರು ಒಡೆಯನ ಬಳಿಗೇ ಹೋಗಿ ಹೆಸರನ್ನೂ ಪಾಲನ್ನೂ ಕೇಳಿದರು. ಕಾರ್ಖಾನೆಯಲ್ಲಿ ಪೆಟ್ಟಿಗೆ ಜೋಡಿಸುವವನಿಗಿಂತ ನೀವೇನೂ ಹೆಚ್ಚಲ್ಲ ಎಂಬರ್ಥದ ಉತ್ತರ ಬಂತೆಂದು ಅವರು ಮುಂದೆ ಹೇಳಿದ್ದಾರೆ. ಪೆಟ್ಟಿಗೆ ಜೋಡಿಸುವವನಿಗೂ ಪಾಲು ಸಲ್ಲಬೇಕೆಂಬುದು ಆ ಒಡೆಯನಿಗೆ ಹೊಳೆಯಲಿಲ್ಲವೆನ್ನುವುದನ್ನು ನಾವು ಗಮನಿಸಬೇಕು. ಆ ನಾಲ್ವರು 1979ರಲ್ಲಿ ಹೊರಗೆ ಬಂದು ಆಕ್ಟಿವಿಷನ್ ಎಂಬ ತಮ್ಮದೇ ಕಂಪೆನಿಯನ್ನು ಕಟ್ಟಿದರು. ಪೆಟ್ಟಿಗೆಯ ಮೇಲೆ ಮಾಡಿದವರ ಹೆಸರನ್ನು ಅಚ್ಚು ಹಾಕಿದರು.

ಆ ಆಕ್ಟಿವಿಷನ್ ಮುಂದೆ ಏನಾಯಿತು? ಸ್ಥಾಪಕರು ಹೋದರು, ಷೇರುದಾರರು ಬಂದರು. 2021ರಲ್ಲಿ ಮಹಿಳಾ ನೌಕರರ ಮೇಲಿನ ಕಿರುಕುಳ ಮತ್ತು ತಾರತಮ್ಯಕ್ಕಾಗಿ ಕ್ಯಾಲಿಫೋರ್ನಿಯಾ ಸರ್ಕಾರವೇ ಅದರ ಮೇಲೆ ಮೊಕದ್ದಮೆ ಹೂಡಿತು. ನೌಕರರು ಕೆಲಸ ಬಿಟ್ಟು ಹೊರಗೆ ನಡೆದರು. 2023ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಸುಮಾರು 6,870 ಕೋಟಿ ಡಾಲರಿಗೆ ಅದನ್ನು ಕೊಂಡಿತು. 2024ರ ಜನವರಿಯಲ್ಲಿ ತನ್ನ ಆಟದ ವಿಭಾಗದಿಂದ 1,900 ಜನರನ್ನು ಮನೆಗೆ ಕಳಿಸಿತು. ಕೊಳ್ಳುವುದಕ್ಕೆ ಅಷ್ಟು ಹಣವಿದ್ದವರಿಗೆ ಸಂಬಳಕ್ಕೆ ಇಲ್ಲದೆ ಹೋಯಿತೆ? 2025ರ ಸೆಪ್ಟೆಂಬರಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿಯನ್ನು ಸೌದಿ ಅರೇಬಿಯದ ಸರ್ಕಾರಿ ನಿಧಿಯೂ ಅದರ ಜೊತೆಗಾರರೂ 5,500 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಪ್ರಕಟವಾಯಿತು. ಅದರಲ್ಲಿ 2,000 ಕೋಟಿ ಸಾಲ. ಸಾಲದ ಬಡ್ಡಿಯನ್ನು ಯಾರಿಂದ ವಸೂಲು ಮಾಡುತ್ತಾರೆ? ಒಂದು ಕಡೆ ನೌಕರನಿಂದ, ಇನ್ನೊಂದು ಕಡೆ ಆಟಗಾರನಿಂದ. ಲೂಟ್ ಬಾಕ್ಸಿನ ಹಿಂದೆ ಇರುವುದು ಆಟ ಕಟ್ಟಿದ ಕಲಾವಿದನ ದುರಾಸೆಯಲ್ಲ. ಅವನ ತಲೆಯ ಮೇಲೆ ಕುಳಿತ ಬಂಡವಳದ ಹಸಿವು. ಆದುದರಿಂದಲೇ ಆಟಗಾರನೂ ಆಟ ಕಟ್ಟುವವನೂ ಒಂದೇ ಕಡೆ ನಿಲ್ಲಬೇಕು.

ಹಾಗಾದರೆ ಸರ್ಕಾರವೇ ಒಡೆಯನಾದರೆ ಎಲ್ಲ ಸರಿಹೋಗುತ್ತದೆಯೆ? ಇದಕ್ಕೂ ನಮ್ಮಲ್ಲಿ ಒಂದು ಪಾಠವಿದೆ. ಟೆಟ್ರಿಸ್ ಎಂಬ ಆಟವನ್ನು ಅಲೆಕ್ಸಿ ಪಾಜಿಟ್ನೋವ್ 1984ರಲ್ಲಿ ಮಾಸ್ಕೋದಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿಯಲ್ಲಿ ಕೆಲಸ ಮಾಡುತ್ತಿದ್ದಾಗ ರಚಿಸಿದರು. ಜಗತ್ತೆಲ್ಲ ಆಡಿತು. ಹಕ್ಕು ಸರ್ಕಾರದ್ದಾಯಿತು, ರಚಿಸಿದವರಿಗೆ ಗೌರವಧನ ಬರತೊಡಗಿದ್ದು 1996ರಲ್ಲಿ. ಒಡೆಯನ ಕುರ್ಚಿಯಲ್ಲಿ ಷೇರುದಾರನಿದ್ದರೂ ಅಧಿಕಾರಿಯಿದ್ದರೂ, ದುಡಿದವನ ಮಾತು ನಡೆಯದಿದ್ದರೆ ದುಡಿದವನಿಗೆ ಸಿಗುವುದು ಅಷ್ಟೇ.

ಆಶಾದಾಯಕವಾದ ಸಂಗತಿಗಳೂ ಇವೆ. 2022ರ ಮೇ ತಿಂಗಳಿನಲ್ಲಿ ಆಕ್ಟಿವಿಷನ್ನಿನ ರೇವನ್ ಸಾಫ್ಟ್‌ವೇರ್ ಶಾಖೆಯ ಪರೀಕ್ಷಕರು 19ಕ್ಕೆ 3 ಮತಗಳಿಂದ ಸಂಘವನ್ನು ಕಟ್ಟಿಕೊಂಡರು. ಆಟಗಳಿಗೆ ದನಿ ಕೊಡುವ ಅಮೆರಿಕದ ನಟರು, ತಮ್ಮ ದನಿಯನ್ನು ಯಂತ್ರ ಕದಿಯದಂತೆ ರಕ್ಷಣೆ ಕೇಳಿ 2024ರ ಜುಲೈಯಲ್ಲಿ ಮುಷ್ಕರ ಹೂಡಿ, ಸುಮಾರು ಒಂದು ವರ್ಷ ಹಟಹಿಡಿದು ಒಪ್ಪಂದ ಪಡೆದರು. ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ವರ್ಷಗಟ್ಟಲೆ ಕುಳಿತು ಮಾಡಿದ, ಬೇಸಾಯವೇ ಕತೆಯಾಗಿರುವ ಸ್ಟಾರ್ಡ್ಯೂ ವ್ಯಾಲಿ 2016ರಲ್ಲಿ ಹೊರಬಂದು ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಒಳಗೆ ಅಂಗಡಿಯಿಲ್ಲ, ಪೆಟ್ಟಿಗೆಯಿಲ್ಲ. ಹೊಸ ಭಾಗಗಳನ್ನು ಆತ ಬಿಟ್ಟಿಯಾಗಿಯೇ ಸೇರಿಸುತ್ತ ಬಂದ. ಲೂಟಿಯಿಲ್ಲದೆ ಉದ್ಯಮ ನಡೆಯದೆನ್ನುವವರ ಬಾಯಿ ಮುಚ್ಚಿಸಲು ಇದೊಂದೇ ಸಾಕು.

ನಾವು ಕೇಳಬೇಕಾದುದು

ಮಿತ್ರರೇ, ದೂರು ಹೇಳಿ ಮನೆಗೆ ಹೋಗುವುದಕ್ಕೆ ನಾವಿಲ್ಲಿ ಸೇರಿಲ್ಲ. ಈ ಕೂಟ ನಾಲ್ಕು ಬೇಡಿಕೆಗಳನ್ನು ಚರ್ಚಿಸಬೇಕೆಂದು ನಮ್ಮ ಕೋರಿಕೆ.

ಒಂದು: ಕೊಂಡ ಆಟ ಕೊಂಡವನದು. ಸರ್ವರ್ ನಿಲ್ಲಿಸುವ ಕಂಪೆನಿ, ಸರ್ವರಿಲ್ಲದೆ ನಡೆಯುವಂತೆ ಆಟವನ್ನು ಬಿಟ್ಟುಕೊಡಬೇಕು. ಇಲ್ಲವೆ ಹಣ ಹಿಂತಿರುಗಿಸಬೇಕು. 2024ರಲ್ಲಿ ಸೋನಿ ತನ್ನ ಕಾನ್‌ಕಾರ್ಡ್ ಎಂಬ ಆಟವನ್ನು ಬಿಡುಗಡೆಯಾದ ಎರಡೇ ವಾರಗಳಲ್ಲಿ ಹಿಂತೆಗೆದುಕೊಂಡಾಗ ಕೊಂಡವರಿಗೆ ಹಣ ಮರಳಿಸಿತು. ಆಗುವ ಕೆಲಸವೇ ಇದು.

ಎರಡು: ರಿಪೇರಿಯ ಹಕ್ಕು. ಕೇಂದ್ರ ಸರ್ಕಾರ 2022ರಲ್ಲಿ ಇದಕ್ಕಾಗಿ ಒಂದು ಜಾಲತಾಣವನ್ನು ತೆರೆಯಿತು. ಜಾಲತಾಣದಿಂದ ಕಂಟ್ರೋಲರ್ ರಿಪೇರಿಯಾಗುವುದಿಲ್ಲ. ಬಿಡಿಭಾಗಗಳನ್ನು ನಮ್ಮ ಪೇಟೆಬೀದಿಯ ಹುಡುಗನಿಗೂ ನ್ಯಾಯಬೆಲೆಗೆ ಮಾರುವಂತೆ ಕಾನೂನು ಬೇಕು.

ಮೂರು: ಅದೃಷ್ಟದ ಪೆಟ್ಟಿಗೆಗಳನ್ನು ಮಕ್ಕಳಿಗೆ ಮಾರಕೂಡದು, ದೊಡ್ಡವರಿಗೆ ಮಾರುವುದಾದರೆ ಸಂಭವದ ಲೆಕ್ಕವನ್ನು ಪೆಟ್ಟಿಗೆಯ ಮೇಲೆಯೇ, ಕನ್ನಡದಲ್ಲಿಯೇ ಬರೆಯಬೇಕು. ಕರಾರೂ ಕನ್ನಡದಲ್ಲಿರಬೇಕು. ಓದಲಾಗದ ಕರಾರಿಗೆ ಒತ್ತಿಸಿಕೊಂಡ ಹೆಬ್ಬೆಟ್ಟಿನ ಕತೆ ನಮ್ಮ ಹಳ್ಳಿಗಳಿಗೆ ಚೆನ್ನಾಗಿ ಗೊತ್ತು.

ನಾಲ್ಕು: ಬೆಂಗಳೂರಿನಲ್ಲಿ ಪರದೇಶದ ಆಟಗಳಿಗೆ ಚಿತ್ರ ಬರೆಯುವ, ತಪ್ಪು ಹುಡುಕುವ ನಮ್ಮದೇ ಹುಡುಗ ಹುಡುಗಿಯರಿದ್ದಾರೆ. ಅವರಿಗೂ ಸಂಘ ಕಟ್ಟುವ ಹಕ್ಕುಂಟು. ಅವರನ್ನು ಕಾಣುವುದು, ಅವರ ಮಾತನ್ನು ಕೇಳುವುದು ಈ ಕೂಟದ ಮುಂದಿನ ಕೆಲಸವಾಗಲಿ.

ಇವಿಷ್ಟಲ್ಲದೆ, ನಾವೇ ಮಾಡಬಹುದಾದ ಒಂದು ಚಿಕ್ಕ ಕೆಲಸವಿದೆ. ನಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಹಿಂದಿನ ಕೋಣೆ ಬರಿದಾಗಿದೆ. ನಾಲ್ಕು ಹಳೆಯ ಯಂತ್ರಗಳನ್ನು ಕೂಡಿಸಿ, ತಂತಿಯಿಂದ ಜೋಡಿಸಿ, ಯಾರ ಅಪ್ಪಣೆಯೂ ಬೇಡದ ಆಟಗಳನ್ನು ಅಲ್ಲಿ ಇಡಬಹುದು. ಐವತ್ತು ಸಾವಿರದ ಯಂತ್ರ ಕೊಳ್ಳಲಾಗದ ಮನೆಯ ಮಕ್ಕಳು ಬರಲಿ, ಆಡಲಿ. ಇಷ್ಟವಿದ್ದವರು ಆಟ ಕಟ್ಟುವುದನ್ನೂ ಕಲಿಯಲಿ. ರಿಪೇರಿಯ ಹುಡುಗ ಭಾನುವಾರ ಬಂದು ಯಂತ್ರಗಳನ್ನು ನೋಡಿಕೊಡುತ್ತೇನೆಂದು ಒಪ್ಪಿದ್ದಾನೆ. ಪುರಸಭೆಗೆ ಕೊಡುವ ಅರ್ಜಿ ಈ ಮೇಜಿನ ಮೇಲಿದೆ. ಹೋಗುವ ಮುನ್ನ ದಯಮಾಡಿ ಓದಿ, ಒಪ್ಪಿಗೆಯಾದರೆ ಸಹಿ ಹಾಕಿ.